ತಾತ ಕಡೆದ ಕೆಂಪು ಗುಂಡು

ನಮ್ಮ ಚಂದ್ರಿ ಪೊಲೀಸಾದಳು. ಇವತ್ತು ಬೆಳಿಗ್ಗೆ ತರಬೇತಿ ಶಾಲೆಯ ಮೈದಾನದಲ್ಲಿ ಖಾಕಿ ತೊಟ್ಟ ಹುಡುಗಿಯರ ಸಾಲಿನಲ್ಲಿ ನನ್ನ ಮೊಮ್ಮಗಳೂ ಬೂಟು ಬಡಿಯುತ್ತ ನಮ್ಮ ಮುಂದೆಯೇ ನಡೆದುಹೋದಳು. ಗುಂಡು ಹಾರಿಸುವುದರಲ್ಲಿ ಇಡೀ ತಂಡಕ್ಕೆ ಮೊದಲು ಬಂದವಳೆಂದು ಮೈಕಿನಲ್ಲಿ ಹೆಸರು ಕೂಗಿ ಬೆಳ್ಳಿ ಬಣ್ಣದ ಕಪ್ಪೊಂದನ್ನು ಅವಳ ಕೈಗೆ ಕೊಟ್ಟರು. ಹೆಸರು ಕೂಗಿದ ಕೂಡಲೇ ನಾನು ಎದ್ದು ನಿಂತುಬಿಟ್ಟೆನಂತೆ. ನನಗೆ ಗೊತ್ತೇ ಆಗಲಿಲ್ಲ, ಸೊಸೆ ರತ್ನ ಸೆರಗು ಹಿಡಿದು ಕೂರಿಸಿದಳು. ಬರುವಾಗ ಆಟೋದವನಿಗೆ ಹೇಳಿದೆ, ಹೂ ಮಾರುವವಳಿಗೆ ಹೇಳಿದೆ, ವಿದ್ಯಾರಣ್ಯಪುರದ ನಮ್ಮ ಬೀದಿಗೆ ಬಂದ ಮೇಲೆ ಗೇಟಿನಲ್ಲಿ ಯಾರ ತಲೆ ಕಂಡರೆ ಅವರಿಗೆಲ್ಲ ಹೇಳಿದೆ. ಹೇಳಿ ಹೇಳಿ ಗಂಟಲು ಕಟ್ಟಿತು, ಸಂತೋಷ ಮಾತ್ರ ಕರಗಲಿಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಪುಸ್ತಕ ಮಡಚಿಟ್ಟವಳು ನಾನು, ಅಕ್ಷರ ಅಂಕುಡೊಂಕಾದರೂ ನೆನಪು ನೆಟ್ಟಗಿದೆ. ಆ ಹುಡುಗಿ ಮೈದಾನದಲ್ಲಿ ಹುಟ್ಟಿದವಳಲ್ಲ. ನಮ್ಮ ಇದೇ ಹಳೇ ಮನೆಯ ಮುಂದಿನ ಕೋಣೆಯಲ್ಲಿ, ಮರದ ಸಿಪ್ಪೆಯ ರಾಶಿಯ ಪಕ್ಕದಲ್ಲಿ, ಕಣ್ಣಿಗೆ ಟವೆಲ್ಲು ಕಟ್ಟಿಕೊಂಡು ಕೂತು ಬೆಳೆದವಳು. ಅದನ್ನು ಹೇಳದಿದ್ದರೆ ಆ ಕಪ್ಪಿನ ಕಥೆ ಅರ್ಧವೇ ಆದೀತು.

ಈ ಮನೆಗೆ ಇರುವುದು ಮೂರು ಕೋಣೆ, ಮೇಲೆ ಹೆಂಚು. ಬೀದಿ ಕಡೆಯ ಕೋಣೆ ನಮ್ಮ ಯಜಮಾನರ ಲೇತಿಗೆ, ಮರ ತಿರುಗಿಸಿ ಕಡೆಯುವ ಯಂತ್ರಕ್ಕೆ, ಸೇರಿದ್ದು. ನಡುವಿನದರಲ್ಲಿ ಊಟ, ಪೂಜೆ, ಹಾಸಿಗೆ ಎಲ್ಲವೂ. ಹಿಂದಿನದು ಅಡುಗೆಮನೆ, ಅದು ನನ್ನದು. ಯಜಮಾನರು ಮರ ಕಡೆಯುವವರು. ತೊಟ್ಟಿಲ ಗುಂಡು, ಬುಗುರಿ, ಮಂಚದ ಕಾಲು, ದಸರೆಗೆ ಗೊಂಬೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಅದು ಬಿಸಿಗೆ ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದು ಉಜ್ಜಿದರೆ ಮುಖ ನೋಡಿಕೊಳ್ಳುವಷ್ಟು ಹೊಳಪು. ಆ ಅರಗಿನ ವಾಸನೆ ನಮ್ಮ ಸೀರೆಯಲ್ಲಿ, ಹಾಸಿಗೆಯಲ್ಲಿ, ಕಡೆಗೆ ಮಾಡಿದ ಸಾರಿನಲ್ಲೂ ಇರುತ್ತಿತ್ತು. ಬೇರೆ ಮನೆಯಲ್ಲಿ ಉಂಡು ಬಂದರೆ ಏನೋ ಕಡಿಮೆ ಎನಿಸುತ್ತಿತ್ತು ನಮಗೆ. ಬೆಳಿಗ್ಗೆ ಇವರು ವಿಭೂತಿ ಇಟ್ಟುಕೊಂಡು ಲಿಂಗಪೂಜೆ ಮುಗಿಸಿ ನೇರ ಲೇತಿನ ಮುಂದೆ ಕೂತರೆ ಎದ್ದೇಳುತ್ತಿದ್ದದ್ದು ಮುದ್ದೆ ತಟ್ಟೆಗೆ ಬಿದ್ದ ಮೇಲೆ. ಅವರಿಗೆ ಒಂದೇ ಹೆಮ್ಮೆ. ಮಾಡಿದ್ದು ನಿಜದ ಹಾಗೇ ಕಾಣಬೇಕು. ಒಂದು ಸಲ ಮರದ ನಿಂಬೆಹಣ್ಣು ಮಾಡಿ ಪೂಜೆಯ ತಟ್ಟೆಯಲ್ಲಿ ಇಟ್ಟಿದ್ದರು. ನಾನು ಅದನ್ನು ಈಳಿಗೆಮಣೆಗೆ ಒತ್ತಿ, ಒತ್ತಿ, ಕೊನೆಗೆ ಮಣೆಯನ್ನೇ ಬೈದೆ. ಆ ನಗು ಅವರ ಮುಖದಿಂದ ಒಂದು ವಾರ ಇಳಿಯಲಿಲ್ಲ.

ನಮ್ಮ ಒಬ್ಬನೇ ಮಗ ಶಿವು ಪೊಲೀಸು. ಚಂದ್ರಿ ಅವನ ಮಗಳು. ಅವನು ತರಬೇತಿಗೆ ಹೋಗಿದ್ದು ಬೇರೆ ಊರಿಗೆ. ಅಲ್ಲಿ ಬಂದೂಕಿಗೆ ಗುಂಡು ತುಂಬುವುದು, ತೆಗೆಯುವುದು ಕಲಿಸಲು ಮದ್ದಿಲ್ಲದ ಹುಸಿ ಗುಂಡು ಕೊಡುತ್ತಾರೆ, ಡಮ್ಮಿ ಅನ್ನುತ್ತಾರೆ ಅದಕ್ಕೆ. ಹಿತ್ತಾಳೆಯದು, ನೋಡಲು ಥೇಟು ಅಸಲಿಯ ಹಾಗೆ. ಒಂದು ದಿನ ಆ ಡಮ್ಮಿಗಳ ಜೊತೆ ಒಂದು ಅಸಲಿ ಸೇರಿಬಿಟ್ಟಿತ್ತು. ಯಾವ ಕೈಯಿಂದ ಸೇರಿತು ಎನ್ನುವುದು ಕೊನೆಗೂ ತಿಳಿಯಲಿಲ್ಲ. ಪಕ್ಕದ ಸಾಲಿನ ಹುಡುಗ ಡಮ್ಮಿ ಎಂದೇ ನಂಬಿ ಬಂದೂಕಿನ ಕುದುರೆ ಒತ್ತಿದ, ಅದು ಶಿವುವಿನ ತೊಡೆಯಲ್ಲಿ ಹೊಕ್ಕು ಹೊರಬಂತು. ಜೀವ ಉಳಿಯಿತು, ಕಾಲು ಬಾಗುವುದು ನಿಂತಿತು. ಇಲಾಖೆಯವರು ಕೆಲಸದಿಂದ ತೆಗೆಯಲಿಲ್ಲ, ಮೈಸೂರಿನ ತರಬೇತಿ ಶಾಲೆಯ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಅಂದಿನಿಂದ ಅವನು ನೆಲದ ಮೇಲೆ ಕೂತು ಉಂಡವನಲ್ಲ. ನಾವೆಲ್ಲ ಸಾಲಾಗಿ ಕೂತರೆ ಅವನು ಮಂಚದ ತುದಿಯಲ್ಲಿ ತಟ್ಟೆ ಹಿಡಿದು, ಗೋಡೆ ಕಡೆ ನೋಡಿಕೊಂಡು ಉಣ್ಣುತ್ತಿದ್ದ. ಬಂದೂಕಿನ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಚಂದ್ರಿ ಒಂದನೇ ಕ್ಲಾಸಿಗೆ ಸೇರಿದ ವರ್ಷ, ಶಿವುವೇ ಒಂದು ಸಂಜೆ ಆ ಮಾತು ಎತ್ತಿದ. ಅವನ ಜೊತೆ ಪೂವಯ್ಯನವರು ಬಂದಿದ್ದರು. ಅವರು ತರಬೇತಿ ಶಾಲೆಯ ಬಂದೂಕುಗಳ ರಿಪೇರಿ, ಜೋಪಾನ ನೋಡುವವರು. ಕೊಡಗಿನ ಕಡೆಯ ಮನುಷ್ಯ, ಎತ್ತರದ ಆಳು, ನಮ್ಮ ಬಾಗಿಲಿಗೆ ತಲೆ ತಗ್ಗಿಸಿಯೂ ಹಣೆ ತಾಗಿಸಿಕೊಂಡೇ ಒಳಗೆ ಬಂದರು.

“ಅಪ್ಪ, ನಮ್ಮಲ್ಲಿ ಡಮ್ಮಿ ಎಲ್ಲ ಹಳೇವಾಗವೆ,” ಎಂದ ಶಿವು. “ಮರದಲ್ಲಿ ಆಗ್ತದಾ ಅಂತ ಇವ್ರು ಕೇಳ್ತಾವ್ರೆ. ನೀನ್ ಮಾಡ್ಕೊಡ್ತೀಯ?”

“ಮರದಲ್ಲಿ ಆಗದೇ ಇರೋದು ಏನೈತಪ್ಪ,” ಎಂದರು ನಮ್ಮ ಯಜಮಾನರು.

“ಒಂದೇ ಮಾತು ಕಣಪ್ಪ. ಕಣ್ ಕಾಣದೋನಿಗೂ ಗೊತ್ತಾಗ್ಬೇಕು, ಇದು ಡಮ್ಮಿ ಅಂತ,” ಎಂದ ಶಿವು.

ಪೂವಯ್ಯನವರು ಅಳತೆಗೆಂದು ಒಂದು ಹಳೇ ಹಿತ್ತಾಳೆ ಡಮ್ಮಿ ಕೊಟ್ಟು ಕಾಫಿ ಕುಡಿದು ಹೋದರು. ಇವರು ಅದನ್ನು ಬೆರಳ ತುದಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಶಿವು ಹೇಳಿದ ಒಂದೇ ಮಾತು ಅವರ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ ಎಂದು ಈಗ ಅನಿಸುತ್ತದೆ. ಕೈ ಕಲಿತ ಚಾಳಿಯೇ ಬೇರೆ. ಹಿತ್ತಾಳೆಯ ಬಣ್ಣ ಬರಲೆಂದು ಹಳದಿ ಅರಗಿಗೆ ಇನ್ನೇನೇನೋ ಸೇರಿಸಿ ಕರಗಿಸಿದರು. ಮೂತಿಗೆ ತಾಮ್ರದ ಬಣ್ಣ ಕೊಟ್ಟರು. ಬಂದೂಕಿನ ಕೊಕ್ಕೆ ಹಿಡಿದು ಹೊರಗೆಳೆಯುವ ಬುಡದ ಅಂಚನ್ನು ಕೂದಲಷ್ಟೂ ಹೆಚ್ಚುಕಡಿಮೆ ಆಗದ ಹಾಗೆ ಕಡೆದರು. ಊಟಕ್ಕೆ ಕರೆದರೆ “ಹೂಂ” ಅನ್ನುವರು, ಏಳರು. ಮುದ್ದೆ ಕಲ್ಲಾಯಿತು, ಬಸ್ಸಾರು ಮೂರು ಸಲ ಬಿಸಿಯಾಯಿತು.

ಪೂವಯ್ಯನವರು ಮತ್ತೆ ಬಂದ ದಿನ ಇವರು ಒಂದು ಸ್ಟೀಲ್ ತಟ್ಟೆಯಲ್ಲಿ ತಮ್ಮ ಗುಂಡುಗಳನ್ನೂ ಆ ಹಿತ್ತಾಳೆಯದನ್ನೂ ಸಾಲಾಗಿ ಮಲಗಿಸಿ ತಂದಿಟ್ಟರು. ಮದುವೆ ಮನೆಯಲ್ಲಿ ತಾಂಬೂಲ ಇಡುವ ಹಾಗೆ.

“ಮುಟ್ಬೇಡಿ. ಬರೀ ನೋಡಿ ಹೇಳಿ ಸ್ವಾಮಿ, ನೀವು ಕೊಟ್ಟಿದ್ದು ಯಾವ್ದು?”

ಪೂವಯ್ಯನವರು ಕನ್ನಡಕ ಹಾಕಿಕೊಂಡರು. ಬಗ್ಗಿದರು. ತಟ್ಟೆಯನ್ನು ಬೆಳಕಿಗೆ ತಿರುಗಿಸಿದರು. ಒಂದನ್ನು ತೋರಿಸಿದರು. ಇವರು ಅದನ್ನೆತ್ತಿ ಮೇಜಿಗೆ ಕುಟ್ಟಿದರು. ಟಕ್ ಎಂದು ಮರದ ಸದ್ದು. ಇವರ ಮುಖ ಹುಣ್ಣಿಮೆಯಾಯಿತು. ಪೂವಯ್ಯನವರ ಮುಖ ಬಾಡಿತು.

“ಯಜಮಾನ್ರೇ, ಇಷ್ಟು ಚೆನ್ನಾಗಿ ಮಾಡಿದ್ದೀರಿ, ಕೈ ಮುಗೀಬೇಕು. ಆದ್ರೆ ಇವನ್ನೆಲ್ಲ ಒಲೆಗೆ ಹಾಕ್ಬಿಡಿ.”

“ಯಾಕ್ ಸ್ವಾಮಿ? ಅಳತೆ ತಪ್ಪಿದ್ಯಾ?”

“ಅಳತೆ ಸರಿಯಾಗಿದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೇ ಗೊತ್ತಾಗ್ಲಿಲ್ಲ, ನಿನ್ನೆ ಮೊನ್ನೆ ಸೇರಿದ ಹುಡುಗ್ರಿಗೆ ಎಲ್ಲಿಂದ ಗೊತ್ತಾಗ್ಬೇಕು? ದಸರೆ ಹಬ್ಬ ಕಳೀಲಿ. ಬೇರೆ ಥರ ಮಾಡಿಕೊಡಿ.” ತಮ್ಮ ಹಿತ್ತಾಳೆಯದನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಅವತ್ತು ನಮ್ಮ ಮನೆಯಲ್ಲಿ ನಡೆದಷ್ಟು ಜಗಳ ಅದಕ್ಕೆ ಮುಂಚೆ ನಡೆದಿರಲಿಲ್ಲ. ಇವರು ಬೈದದ್ದು ಪೂವಯ್ಯನವರನ್ನು, ಕೇಳಿಸಿಕೊಂಡದ್ದು ನಾವು. “ಚೆನ್ನಾಗೈತೆ ಅಂತ ಬೇಡ ಅಂದೋನ್ನ ಇವತ್ತೇ ನೋಡಿದ್ದು. ಕೆಟ್ಟದಾಗಿ ಮಾಡಕ್ಕೆ ನನ್ನತ್ರ ಯಾಕ್ ಬರ್ಬೇಕಿತ್ತು?” ಶಿವು ಮಂಚದ ತುದಿಯಿಂದಲೇ ಅಂದ, “ಸುಟ್ಬುಡಪ್ಪ. ನನ್ ಕಣ್ಮುಂದೆ ಸುಟ್ಬುಡು.” ಇವರು ತಟ್ಟೆ ಎತ್ತಿಕೊಂಡು ಬಂದು ನನ್ನ ಒಲೆಗೆ ಸುರಿದರು. ಅರಗು ಸಿಡಿದು ಉರಿಯಿತು, ಬಣ್ಣಬಣ್ಣದ ಹೊಗೆ. ಎಲ್ಲವೂ ಬೆಂದವು ಎಂದು ಶಿವು ಅಂದುಕೊಂಡ, ನಾನೂ ಅಂದುಕೊಂಡೆ. ಒಂದನ್ನು ಇವರು ಅಂಗೈಯಲ್ಲಿ ಮರೆಮಾಡಿ ಉಳಿಸಿಕೊಂಡಿದ್ದು ಯಾರಿಗೂ ಕಾಣಲಿಲ್ಲ. ಸುಡಲು ಮನಸ್ಸು ಬಂದಿರಲಿಲ್ಲ. ಹೆತ್ತ ಕೈ ನೋಡಿ.

ದಸರೆ ಬಂತು. ನಮ್ಮಲ್ಲಿ ಗೊಂಬೆ ಕೂರಿಸುವ ಪದ್ಧತಿ. ನಡುಮನೆಯಲ್ಲಿ ಡಬ್ಬಗಳ ಮೇಲೆ ಹಲಗೆ ಇಟ್ಟು ಮೆಟ್ಟಿಲು ಮಾಡಿ, ಬಿಳಿ ಪಂಚೆ ಹಾಸಿ, ಮೇಲೆ ಪಟ್ಟದ ಗೊಂಬೆ ರಾಜ ರಾಣಿ, ಕೆಳಗೆ ಆನೆ, ಸಿಪಾಯಿ, ಇವರೇ ಮಾಡಿದ ಮರದ ಅರಮನೆ. ಅರಮನೆ ಬಾಗಿಲ ಪಕ್ಕದಲ್ಲಿ ಆ ಸಲ ಒಂದು ಪುಟ್ಟ ಬಾವುಟದ ಕಂಬ ಬಂದಿತ್ತು. ತುದಿಗೆ ಬಣ್ಣದ ಕಾಗದ ಅಂಟಿಸಿದ್ದರು. ಏನೋ ಹಿತ್ತಾಳೆ ಕಂಬ ಅಂದುಕೊಂಡು ನಾನು ದಿನವೂ ಅದಕ್ಕೆ ಒಂದು ಹೂವು ಏರಿಸುತ್ತಿದ್ದೆ. ಸಂಜೆ ಬೀದಿಯ ಮಕ್ಕಳು ಗೊಂಬೆ ನೋಡಲು ಬರುವರು, ಆರತಿ ಮಾಡಿ ಕಡಲೆಕಾಳು ಉಸಲಿ ಕೊಡುವುದು. ಒಂದು ಸಂಜೆ ಎದುರು ಮನೆ ಸರೋಜಮ್ಮ ಊರಿಂದ ಬಂದಿದ್ದ ತಮ್ಮನನ್ನೂ ಕರೆದುಕೊಂಡು ಬಂದಳು. ಅವನು ಬೇರೆ ಜಿಲ್ಲೆಯ ಪೊಲೀಸಿನಲ್ಲಿ ದಫೇದಾರ. ಕೈಮುಗಿದು ಗೊಂಬೆ ನೋಡುತ್ತಿದ್ದವನು ಅರಮನೆಯ ಬಾಗಿಲಿಗೆ ಬಂದು ನಿಂತುಬಿಟ್ಟ. ಏನೂ ಕೇಳಲಿಲ್ಲ, ಮುಟ್ಟಲೂ ಇಲ್ಲ. ಉಸಲಿಯ ದೊನ್ನೆಯನ್ನು ಹಾಗೇ ಕೆಳಗಿಟ್ಟು ಹೊರಟುಹೋದ.

“ನಿನ್ ತಮ್ಮಂಗೆ ಕಾಳು ಸೇರಲ್ವೇನೆ?” ಎಂದೆ. ಸರೋಜಮ್ಮನಿಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಶಿವು ಕೆಲಸಕ್ಕೆ ಹೋದವನು ಒಂದು ಗಂಟೆಯೊಳಗೆ ವಾಪಸು ಬಂದ. ಜೊತೆಯಲ್ಲಿ ಒಬ್ಬ ಇನ್ಸ್‌ಪೆಕ್ಟರು, ಪೂವಯ್ಯನವರು.  ಉಗ್ರಾಣದಲ್ಲಿ ಕೆಲಸ ಮಾಡುವವನ ಮನೆಯಲ್ಲಿ ಜೀವಂತ ಗುಂಡು ಇದೆ ಎಂದು ಆ ದಫೇದಾರನಿಂದ ಸುದ್ದಿ ಹೋಗಿತ್ತು. ಅದು ನಿಜವಾದರೆ ಅವನ ಕೆಲಸ ಅವತ್ತೇ ಮುಗಿಯಿತು, ಅದರ ಮೇಲೆ ಕೇಸು ಬೇರೆ. ದಾರಿಯಲ್ಲಿ ಪೂವಯ್ಯನವರು ಕೇಳಿದ್ದರಂತೆ, “ನಿಮ್ಮಪ್ಪನ ಮರದ್ದು ಇರಬಹುದಾ?” ಎಂದು. ಶಿವು ಸುಳ್ಳು ಹೇಳುವವನಲ್ಲ. “ಇಲ್ಲ ಸಾರ್, ನನ್ ಕಣ್ಮುಂದೇ ಸುಟ್ರು,” ಅಂದಿದ್ದ. ಮರದ್ದಲ್ಲ ಅಂದ ಮೇಲೆ ಅದು ಮತ್ತೇನು?  ನಮ್ಮ ಯಜಮಾನರು ಮನೆಯಲ್ಲಿ ಇರಲಿಲ್ಲ. ಮಂಡಕಳ್ಳಿಯಲ್ಲಿ ಯಾರದೋ ಹೊಲದ ಮರ ಕಡಿದಿದ್ದಾರೆ ಎಂದು ಸೈಕಲ್ಲು ಹತ್ತಿ ಬೆಳಕು ಹರಿಯುವ ಮುಂಚೆಯೇ ಹೋಗಿದ್ದರು.

ಎಲ್ಲರೂ ಗೊಂಬೆಯ ಮುಂದೆ ನಿಂತರು. ಇನ್ಸ್‌ಪೆಕ್ಟರು ಬಗ್ಗಿ ನೋಡಿದರು, ಪೂವಯ್ಯನವರ ಕಡೆ ತಿರುಗಿದರು. ಪೂವಯ್ಯನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ರತ್ನ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ಆಗ ಚಂದ್ರಿ, ಆಗತಾನೇ ಜಡೆ ಹಾಕಿಸಿಕೊಂಡು ನಿಂತಿದ್ದವಳು, ದೊಡ್ಡವರ ಕಾಲುಗಳ ನಡುವೆ ನುಸುಳಿ ಮುಂದೆ ಹೋಗಿ ಆ ಕಂಬಕ್ಕೆ ಕೈ ಚಾಚಿದಳು. ಬಾವುಟ ಅಂಟಿಸಿದ್ದು ಅವಳೇ ಅಂತೆ, ತಾತ ಹಿಡಿದುಕೊಂಡಿದ್ದರಂತೆ. ಅದನ್ನು ಹೇಳಬೇಕೆಂದೇ ಹೋದದ್ದು ಆ ಮಗು.

“ಮುಟ್ಬೇಡ!”

ಶಿವು ಕೂಗಿದ ಕೂಗಿಗೆ ಹೆಂಚು ನಡುಗಿರಬೇಕು. ಬಾಗದ ಕಾಲನ್ನು ಮರೆತು ಮಗಳ ಮೇಲೆ ಹಾರಿದ. ಕಾಲು ಹಲಗೆಗೆ ಸಿಕ್ಕಿ, ಮಗುವನ್ನು ಅವಚಿಕೊಂಡೇ ಮೆಟ್ಟಿಲುಗಳ ಮೇಲೆ ಬಿದ್ದ. ಆನೆ, ಸಿಪಾಯಿ, ಅರಮನೆ ಎಲ್ಲ ಉರುಳಿದವು. ಪಟ್ಟದ ರಾಣಿ ನನ್ನ ಕಾಲ ಬಳಿ ಬಂದು ಬಿದ್ದಳು. ಬಾಗಿಲಲ್ಲಿ ಸೈಕಲ್ ಸ್ಟ್ಯಾಂಡು ಹಾಕಿದ ಸದ್ದಾಯಿತು. ಇವರು ಹೆಗಲ ಮೇಲೆ ಒಂದು ಮರದ ತುಂಡು ಹೊತ್ತು ಒಳಗೆ ಬಂದು, ನೆಲದ ಮೇಲೆ ಮಗಳನ್ನು ಅಪ್ಪಿಕೊಂಡು ಬಿದ್ದಿರುವ ಮಗನನ್ನು ನೋಡಿದರು. ಅವನು ಅತ್ತ ಕಡೆ, ಬಾವುಟ ಹರಿದು ಉರುಳುತ್ತಿದ್ದ ಆ ಕಂಬವನ್ನೇ ದಿಟ್ಟಿಸುತ್ತಿದ್ದ. 

ಇವರು ಮರದ ತುಂಡು ಇಳಿಸಿದರು.  ಬಗ್ಗಿ ಆ ಹುಸಿ ಗುಂಡನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಹೋಗಿ ಲೇತಿಗೆ ಸಿಕ್ಕಿಸಿ, ಸ್ವಿಚ್ಚು ಒತ್ತಿ, ಉಳಿ ಹಿಡಿದರು. ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. ಮೊದಲು ತಾಮ್ರದ ಬಣ್ಣ ಹೋಯಿತು, ಆಮೇಲೆ ಹಿತ್ತಾಳೆ. ಅದರಡಿಯಿಂದ ಹಾಲಿನಂಥ ಬಿಳಿ ಮರ ಸುರುಳಿ ಸುರುಳಿಯಾಗಿ ಎದ್ದು ಅವರ ಮಡಿಲಿಗೆ ಬೀಳತೊಡಗಿತು. ಏನೂ ಉಳಿಯದಷ್ಟು ಕಡೆದ ಮೇಲೆ ಸ್ವಿಚ್ಚು ಆರಿಸಿದರು. ಇನ್ಸ್‌ಪೆಕ್ಟರು ಒಂದು ಸುರುಳಿಯನ್ನು ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದರು. “ಸರಿ ಬಿಡಿ,” ಎಂದರು. “ನಾಳೆಯಿಂದ ಡ್ಯೂಟಿಗೆ ಬಾರಪ್ಪ ಶಿವಕುಮಾರ.” ಅವರು ಹೋದ ಮೇಲೂ ಇವರು ಲೇತಿನ ಮುಂದೆಯೇ ಕೂತಿದ್ದರು. ಶಿವು ಗೋಡೆ ಹಿಡಿದುಕೊಂಡು ಅವರ ಹತ್ತಿರ ಬಂದ.

“ಅಪ್ಪ, ನನ್ ಕಾಲ್ಗೆ ಬಿದ್ದದ್ದೂ ಹಿಂಗೇ ಇತ್ತು ಕಣಪ್ಪ. ನೋಡಕ್ಕೆ ಭಾಳ ಚೆನ್ನಾಗಿತ್ತು.”

ಇವರು ತಲೆ ಎತ್ತಲಿಲ್ಲ. ಮಡಿಲಿನ ಸಿಪ್ಪೆಯನ್ನು ಕೈಯಲ್ಲಿ ಒಟ್ಟುಮಾಡುತ್ತ, “ನೀನ್ ಹೇಳಿದ್ದೆ ಮಗ. ನಂಗೆ ಕೇಳಿಸ್ಲಿಲ್ಲ,” ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ಹಬ್ಬ ಮುಗಿದ ಮೇಲೆ ಹೊಸದು ಶುರುವಾಯಿತು. ಈಗ ಅವರಿಗೆ ಹೊಸ ಕಷ್ಟ. ಜೀವಮಾನವೆಲ್ಲ ನಿಜದ ಹಾಗೆ ಕಾಣುವುದನ್ನು ಮಾಡಿದ ಕೈ ಅದು. ಈಗ ಮಾಡುವ ಗುಂಡು ಬಂದೂಕಿನೊಳಗೆ ನಿಜದ ಹಾಗೇ ಕೂರಬೇಕು, ಹೊರಗೆ ಯಾರ ಕಣ್ಣಿಗೂ ನಿಜವೆನಿಸಬಾರದು. ಮೊದಲು ಬಣ್ಣ ಬದಲಾಯಿತು. ಕುಂಕುಮದಂಥ ಕೆಂಪು ಅರಗು, ಬುಡದಿಂದ ಮೂತಿಯವರೆಗೆ. ಮೈಯ ಅಡ್ಡಕ್ಕೆ ಒಂದು ತೂತು ಕೊರೆದರು. ಒಂದು ಕಡೆಯಿಂದ ನೋಡಿದರೆ ಇನ್ನೊಂದು ಕಡೆಯ ಕಿಟಕಿ ಕಾಣಬೇಕು. ಒಳಗೆ ಮದ್ದಿಲ್ಲ ಎಂದು ಬಾಯಿ ಬಿಟ್ಟು ಹೇಳುವುದಕ್ಕಿಂತ ಅದು ಮೇಲು. ಅಸಲಿಯಲ್ಲಿ ಕಿಡಿ ಹತ್ತಿಸುವ ಟೋಪಿ ಬುಡದಲ್ಲಿ ಕೂರುತ್ತದಲ್ಲ, ಆ ಜಾಗದಲ್ಲಿ ಬರೀ ಕುಳಿ ಬಿಟ್ಟರು. ಮೆತ್ತನೆಯ ಮರದ ಅಂಚು ಕೊಕ್ಕೆಗೆ ಸಿಕ್ಕಿ ಮುರಿಯಿತು ಎಂದು ಪೂವಯ್ಯನವರು ಒಂದೆರಡು ವಾಪಸು ತಂದಾಗ, ಬೀಟೆಯ ತುಂಡುಗಳನ್ನು ಹುಡುಕಿ ತಂದು ಅದರಲ್ಲಿ ಕಡೆದರು. ಇಷ್ಟಾದರೂ ಶಿವುವಿಗೆ ಸಮಾಧಾನವಿಲ್ಲ.

“ಮಬ್ಬು ಹೊತ್ನಲ್ಲಿ ಕೆಂಪು ಕಪ್ಪಾಗ್ತದೆ ಕಣಪ್ಪ. ಆಗೇನ್ ಮಾಡೋದು?”

ಅದಕ್ಕೆ ಉತ್ತರ ಸಿಕ್ಕಿದ್ದು ಊಟದ ಹೊತ್ತಿನಲ್ಲಿ. ಆ ಕಾಲದಲ್ಲಿ ಸಂಜೆಯಾದರೆ ಕರೆಂಟು ಹೋಗುವುದು ಮಾಮೂಲು. ಎಲ್ಲರಿಗೂ ಅನ್ನ ಬಡಿಸಿದ್ದೆ, ದೀಪ ಹೋಯಿತು. ರತ್ನ ಬೆಂಕಿಪೊಟ್ಟಣ ತಡಕುತ್ತಿದ್ದಳು. ಇವರು ಮಜ್ಜಿಗೆ ಅನ್ನಕ್ಕೆ ಉಪ್ಪು ಕೇಳಿದರು, ನಾನು ಕತ್ತಲಲ್ಲೇ ಒಳಗೆ ಹೋಗಿ ತಂದು ಬಡಿಸಿದೆ.

“ಸಕ್ಕರೆ ಗಿಕ್ಕರೆ ಹಾಕ್ಬುಟ್ಟೀಯ ಮಾರಾಯ್ತಿ. ಎರಡೂ ಒಂದೇ ಜಾಡಿ ನಿಂದು.”

“ಉಪ್ಪಿನ ಜಾಡಿ ಸೊಂಟಕ್ಕೆ ದಾರ ಕಟ್ಟಿದ್ದೀನಿ ಕಣ್ರೀ. ಕೈಗೆ ಸಿಕ್ಕಿದ್ರೆ ಸಾಕು,” ಎಂದೆ.

ಇವರು ತುತ್ತು ಬಾಯಿಗಿಡುವುದನ್ನು ನಿಲ್ಲಿಸಿದ್ದು ಕತ್ತಲಲ್ಲೂ ನನಗೆ ತಿಳಿಯಿತು. “ಎಲ್ಲಿ, ಆ ಜಾಡಿ ಕೊಡಿಲ್ಲಿ,” ಎಂದರು. ಎಂಜಲು ಕೈ ಕಣ್ರೀ ಅಂದರೂ ಬಿಡಲಿಲ್ಲ. ಎಡಗೈಯಲ್ಲಿ ತಡವಿ ನೋಡಿದರು. ಬೆಳಿಗ್ಗೆ ನೋಡುವಷ್ಟರಲ್ಲಿ ಕೆಂಪು ಗುಂಡಿನ ನಡುವಿಗೆ ಸುತ್ತಲೂ ಒಂದು ತೋಡಿದ ಗೆರೆ ಬಂದಿತ್ತು. ಹೆಬ್ಬೆರಳಿನ ಉಗುರು ಕೂರುವಷ್ಟು ಆಳ.

ಪರೀಕ್ಷೆ ಮಾಡುವವಳು ಚಂದ್ರಿ. ಸ್ಕೂಲಿನಿಂದ ಬಂದು, ಮಗ್ಗಿ ಒಪ್ಪಿಸಿ, ಊಟಕ್ಕೆ ಮುಂಚೆ ಲೇತಿನ ಪಕ್ಕದ ಮಣೆಯಲ್ಲಿ ಅವಳನ್ನು ಕೂರಿಸುತ್ತಿದ್ದರು. ಕಣ್ಣಿಗೆ ಟವೆಲ್ಲು. ಮಡಿಲಿಗೆ ಒಂದು ಬುಗುರಿ, ಬಳಪದ ತುಂಡು, ಪೂವಯ್ಯನವರಿಂದ ಮತ್ತೆ ಕೇಳಿ ಪಡೆದ ಹಿತ್ತಾಳೆ ಡಮ್ಮಿ, ಅಂದು ಮಾಡಿದ ಕೆಂಪು ಗುಂಡುಗಳು, ಎಲ್ಲ ಕಲಸಿ ಹಾಕುವರು. ಅವಳು ಒಂದೊಂದೇ ಎತ್ತಿ ಹೇಳಬೇಕು.

“ಇದು ತಾತಂದು. ಇದು ತಾತಂದು. ಇದು ಹಿತ್ತಾಳೆ. ಇದೂ... ತಾತಂದೇ.”

“ಯಾಕವ್ವ ತಡ ಮಾಡ್ದೆ?”

“ಗೆರೆ ಸರಿಯಾಗಿ ಸಿಗ್ಲಿಲ್ಲ ತಾತ.”

ಅವಳು ತಡೆದು ಹೇಳಿದ್ದು ಒಲೆಗೆ. ಎಷ್ಟೇ ಹೊಳೆಯಲಿ, ಎಷ್ಟೇ ಅಳತೆಗಿರಲಿ, ಚಂದ್ರಿಯ ಬೆರಳು ಒಂದು ಕ್ಷಣ ಅನುಮಾನಪಟ್ಟರೆ ಅದು ಒಲೆಗೇ. ಶಿವು ಮಂಚದ ತುದಿಯಿಂದ ಇದನ್ನು ನೋಡುತ್ತಿದ್ದ. ಮೊದಮೊದಲು ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದವನು ಬರಬರುತ್ತ ಇತ್ತ ತಿರುಗಿದ. ಮುಟ್ಟುತ್ತಿರಲಿಲ್ಲ, ಅಷ್ಟೇ. ಪಾಸಾದ ಗುಂಡುಗಳು ರತ್ನ ಹೊಲಿದ ಕೆಂಪು ಚೀಲಕ್ಕೆ ಹೋಗಬೇಕು, ಚೀಲ ಪೂವಯ್ಯನವರ ಕೈಗೇ ಹೋಗಬೇಕು. ನಡುವೆ ಯಾವ ಗೂಡಿನಲ್ಲೂ ಕಿಟಕಿಯಲ್ಲೂ ಇಡುವ ಹಾಗಿಲ್ಲ. ಮುಂದಿನ ದಸರೆಗೆ ಇವರು ಒಂದು ಕೆಂಪು ಗುಂಡನ್ನು ಅರಮನೆಯ ಬಾಗಿಲಿಗೆ ನಿಲ್ಲಿಸಿದರು. ಬೇಕೆಂದೇ. ಬೀದಿಯ ಮಕ್ಕಳು ಬಂದು ನೋಡಿ, “ತಾತ, ರಾಣಿ ಲಿಪ್‌ಸ್ಟಿಕ್ಕು ಇಷ್ಟು ದೊಡ್ದಾ?” ಎಂದು ನಕ್ಕವು. ಸರೋಜಮ್ಮ ನಕ್ಕಳು. ಮರದ ನಿಂಬೆಹಣ್ಣಿನ ಮನುಷ್ಯ ಇವರು, ಮುಖ ಸ್ವಲ್ಪ ಸಪ್ಪಗಾಯಿತು. ಆಮೇಲೆ ಅವರೂ ನಕ್ಕರು. “ಗುಂಡು ಅಂತ ಒಬ್ರೂ ಅನ್ಲಿಲ್ಲ ನೋಡು,” ಎಂದು ನನ್ನ ಕಿವಿಯಲ್ಲಿ ಅಂದರು.

ಹೀಗೆ ಬೆಳೆದ ಹುಡುಗಿ ಏನಾಗಬೇಕೋ ಹಾಗಾದಳು. ಯಾವುದನ್ನೂ ಮೇಲುನೋಟಕ್ಕೆ ನಂಬುವವಳಲ್ಲ. ಬೇಳೆ ತಂದರೆ ಮುಷ್ಟಿಯಲ್ಲಿ ಹಿಡಿದು ನೋಡುವಳು. ಗೆಳತಿಯರ ಮಾತನ್ನೂ ಹಾಗೇ ತೂಗಿ ನೋಡುವಳು. ನನ್ನನ್ನೂ ಬಿಡಳು. ಮೊಣಕಾಲು ನೋವಿಲ್ಲ ಎಂದರೆ, “ಎಲ್ಲಿ, ಮುಟ್ಟಿ ನೋಡ್ತೀನಿ,” ಎನ್ನುವಳು. ಡಿಗ್ರಿ ಮುಗಿದ ಮೇಲೆ ಪೊಲೀಸಿಗೆ ಸೇರುತ್ತೇನೆ ಎಂದಳು. ನಾನು ಶಿವುವಿನ ಮುಖ ನೋಡಿದೆ. ರತ್ನ ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು. ಅವನು ಕಾಲು ನೀವಿಕೊಂಡ.

“ಗುಂಡು ಕೈಗೆ ಕೊಟ್ರೆ ಮೊದ್ಲು ಏನ್ ಮಾಡ್ತೀಯ?” ಎಂದು ಕೇಳಿದ.

“ನೋಡ್ತೀನಿ ಅಪ್ಪ. ಆಮೇಲೆ ಬೆರಳಲ್ಲಿ ನೋಡ್ತೀನಿ. ಆಮೇಲೆ ಪಕ್ಕದವ್ರ ಕೈಗೆ ಕೊಟ್ಟು, ನೀನೂ ನೋಡು ಅಂತೀನಿ.”

“ಡಮ್ಮಿ ಅಂತ ದೊಡ್ಡೋರು ಹೇಳಿದ್ರೆ?”

“ಅವ್ರು ಹೇಳಿದ್ರೂ ನೋಡ್ತೀನಿ. ಡಮ್ಮೀನೇ ಆದ್ರೂ ಯಾರ ಕಡೆಗೂ ತಿರುಗ್ಸಲ್ಲ.”

“ಹೋಗು,” ಎಂದ.  ಅಪ್ಪ ಕೆಲಸ ಮಾಡಿದ್ದ ಶಾಲೆಯಲ್ಲೇ ಅವಳು ತರಬೇತಿ ಪಡೆದಷ್ಟು ತಿಂಗಳೂ ಅವನು ಆ ವಿಷಯ ಕೇಳಲಿಲ್ಲ. ಅಷ್ಟರಲ್ಲಿ ಅವನಿಗೆ ಬೇರೆ ಕಚೇರಿಗೆ ವರ್ಗವಾಗಿತ್ತು. ಪೂವಯ್ಯನವರು ನಿವೃತ್ತಿಯಾಗಿ ಕೊಡಗಿಗೆ ಹೋಗಿದ್ದರು. ನಮ್ಮ ಯಜಮಾನರ ಕಣ್ಣಿಗೆ ಪೊರೆ ಬಂದು, ಆಪರೇಷನ್ನು ಆದರೂ ದೃಷ್ಟಿ ಮರಳದೆ, ಲೇತಿನ ಮೇಲೆ ಬಟ್ಟೆ ಹೊದಿಸಿಯಾಗಿತ್ತು. ಇವತ್ತು ಮೈದಾನದಲ್ಲಿ ಚಂದ್ರಿ ಎಲ್ಲಿದ್ದಾಳೆ ಎಂದು ನಾನೇ ಅವರಿಗೆ ಹೇಳಬೇಕಾಯಿತು. ಅವರು ಬೂಟಿನ ಸದ್ದಿನ ಕಡೆಗೆ ಮುಖ ತಿರುಗಿಸುತ್ತ ಹೋದರು.

ಸಂಜೆಗೆ ನಾನು ಒಬ್ಬಟ್ಟು ತಟ್ಟಿದೆ, ರತ್ನ ಕಾಯಿಸಾಸಿವೆ ಚಿತ್ರಾನ್ನ ಕಲಸಿದಳು. ಸರೋಜಮ್ಮನ ಮನೆಯಿಂದ ಬಾಳೆಎಲೆ ಬಂತು. ಎಲ್ಲರನ್ನೂ ಸಾಲಾಗಿ ಕೂರಿಸಿ ಎಲೆ ಹಾಕಿದೆ. ಮಂಚದ ಮೇಲೆ ಶಿವುವಿಗೆಂದು ತಟ್ಟೆ ಇಟ್ಟಿದ್ದೆ. ಉಪ್ಪು ಬಡಿಸುತ್ತ ಬರುವಾಗ ಚಂದ್ರಿ ನನ್ನನ್ನು ತಡೆದಳು. ಖಾಕಿ ಪ್ಯಾಂಟಿನ ಜೇಬಿನಿಂದ ಏನೋ ತೆಗೆದು, ತಾತನ ಎಲೆಯ ತುದಿಯಲ್ಲಿ, ಉಪ್ಪು ಬೀಳಬೇಕಾದ ಜಾಗದಲ್ಲಿ ಇಟ್ಟಳು.

“ತಾತ, ನೋಡಿ.”

“ನಂಗೇನ್ ಕಾಣ್ತದವ್ವ,” ಎಂದರು. ಕೈ ಚಾಚಿದರು.

ಮರದ ತುಂಡು. ಕೆಂಪು ಎಲ್ಲ ಹೋಗಿ ಬೀಟೆಯ ಕಪ್ಪು ಮೈ ಹೊರಬಂದಿತ್ತು. ಎಷ್ಟು ಹುಡುಗ ಹುಡುಗಿಯರ ಕೈ ಸವೆಸಿದ್ದೋ. ಬುಡದ ಅಂಚು ಒಂದು ಕಡೆ ಚಕ್ಕೆ ಎದ್ದಿತ್ತು. ಇವರು ಅದನ್ನು ಹೆಬ್ಬೆರಳಿನಿಂದ ಉರುಳಿಸಿದರು. ಉಗುರು ನಡುವಿಗೆ ಬಂದು ಗೆರೆಯಲ್ಲಿ ಕೂತಿತು. ತೂತಿನ ಮೇಲೆ ಬೆರಳಿಟ್ಟರು. ಬುಡ ತಿರುಗಿಸಿ ಕುಳಿ ಮುಟ್ಟಿದರು. ಕತ್ತು ಸ್ವಲ್ಪ ವಾಲಿಸಿ ಕೂತರು, ಯಾರೋ ದೂರದಿಂದ ಕರೆದ ಹಾಗೆ.

“ಇದು ನಂದು,” ಎಂದರು.

“ಮೊದಲ್ನೇ ದಿನವೇ ನನ್ ಕೈಗೆ ಇದನ್ನೇ ಕೊಟ್ರು ತಾತ. ಕಣ್ ಮುಚ್ಕೊಂಡು ಹೇಳ್ದೆ, ಡಮ್ಮಿ ಸಾರ್ ಅಂತ. ಹೆಂಗ್ ಗೊತ್ತಾಯ್ತು ಅಂತ ಕೇಳಿದ್ರು. ನಮ್ ಮನೇದು ಸಾರ್ ಅಂದೆ. ಈಗ ಇದು ಸವೆದೋಯ್ತು, ತೆಗೆದಿಟ್ಟಿದ್ರು. ಕೇಳೇ ತಂದಿದ್ದೀನಿ.”

ಮಂಚ ಕಿರುಗುಟ್ಟಿತು. ಶಿವು ತಟ್ಟೆಯನ್ನು ಪಕ್ಕಕ್ಕೆ ಇಟ್ಟು, ಗೋಡೆ ಹಿಡಿದು, ಬಾಗದ ಕಾಲನ್ನು ಉದ್ದಕ್ಕೆ ಚಾಚಿ, ನಿಧಾನವಾಗಿ ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತ. ನಾವು ಯಾರೂ ಅವನ ಕಡೆ ನೋಡಲಿಲ್ಲ, ನೋಡಿದರೆ ಎದ್ದುಬಿಟ್ಟಾನು ಎಂದು. ರತ್ನ ಸದ್ದಿಲ್ಲದೆ ಇನ್ನೊಂದು ಎಲೆ ಹಾಕಿದಳು. ಅವನು ಕೈ ಚಾಚಿದ. ಇವರು ಆ ಮರದ ತುಂಡನ್ನು ಅವನ ಅಂಗೈಯಲ್ಲಿ ಇಟ್ಟರು. ಅವನು ಗೆರೆಯ ಮೇಲೆ ಬೆರಳು ಆಡಿಸಿದ, ತೂತನ್ನು ದೀಪಕ್ಕೆ ಹಿಡಿದು ಒಳಗಿಂದ ನೋಡಿದ.

“ಅಂಚು ಹೋಗ್ಬುಟ್ಟದೆ ಕಣಪ್ಪ,” ಎಂದ.

“ಬೀಟೆನೇ ಆದ್ರೂ ಎಷ್ಟು ದಿನ ತಡ್ದೀತು. ನೀನ್ ಕಣ್ಣಾಗಿ ನಿಂತ್ಕೊಂಡ್ರೆ ನಾಲ್ಕು ಹೊಸ್ದು ಕಡೀಬಹ್ದು,” ಎಂದರು ಇವರು.

“ಮೊದ್ಲು ಉಣ್ಣಿ,” ಎಂದೆ ನಾನು, “ಒಬ್ಬಟ್ಟು ಆರ್ತಾ ಅವೆ.” ದಾರ ಕಟ್ಟಿದ ಜಾಡಿ ಹಿಡಿದು, ತಾತನ ಎಲೆಗೆ, ಶಿವುವಿನ ಎಲೆಗೆ, ಚಂದ್ರಿಯ ಎಲೆಗೆ, ರತ್ನಳ ಎಲೆಗೆ ಸಾಲಾಗಿ ಉಪ್ಪು ಇಟ್ಟುಕೊಂಡು ಬಂದೆ. ಕೊನೆಗೆ ನನ್ನ ಎಲೆಗೂ ಇಟ್ಟುಕೊಂಡು ಅವರ ಜೊತೆಯಲ್ಲೇ ಕೂತೆ.